ಸೈಮನನ ಬೆಳ್ಳಿ ಗುಂಡುಗಳು

ಎಲ್ಲ ಫಜೀತಿಗೂ ಮೂಲ ಭಾಲಚಂದ್ರರ ಕೈಮೇಲಿನ ಕೂದಲು.

ಡಾಬಕಾ ಊರಿನ ಕೊನೆಯ ಮನೆ ಸೈಮನನದು. ಮುಂದಿನ ಕೋಣೆಯಲ್ಲಿ ಅವನ ರಕ್ತ ತಪಾಸಣೆಯ ಲ್ಯಾಬು, ಲ್ಯಾಬಿನ ಹಿಂದೆ ಸಂಸಾರ, ಸಂಸಾರದ ಹಿಂದೆ ತೊಗರಿ ಹೊಲ, ಹೊಲದಾಚೆ ಒಂದು ಹಳ್ಳ, ಹಳ್ಳದಾಚೆ ಮಹಾರಾಷ್ಟ್ರದ ಬೋಳು ಗುಡ್ಡಗಳು. ಪಕ್ಕದ ಮನೆಯ ಭಾಲಚಂದ್ರ ವಿಮೆ ಏಜೆಂಟರು. ದೀಪಾವಳಿ ಕಳೆದ ಮೇಲೆ ಒಂದು ದಿನ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬಂದು ತೋಳು ಚಾಚಿ ಕುಳಿತರು. ಸೈಮನ ಸೂಜಿ ಹಿಡಿದು ಬಗ್ಗಿದ. ರಕ್ತನಾಳ ಕಾಣಲಿಲ್ಲ. ಹುಲ್ಲು ಬೆಳೆದ ಹೊಲದಲ್ಲಿ ಕಳೆದುಹೋದ ಉಂಗುರ ಹುಡುಕುವವನಂತೆ ಆ ಕೂದಲನ್ನು ಆಚೆ ಸರಿಸಿದ, ಈಚೆ ಸರಿಸಿದ, ಕೊನೆಗೆ ಬೆರಳಿನಿಂದ ಬೈತಲೆ ತೆಗೆದು ಸೂಜಿ ಚುಚ್ಚಿದ.

“ಮುಂದಿನ ತಪಾಸಣಿ ಹುಣ್ಣಿವಿ ದಿನ ಇಡಬ್ಯಾಡ್ರಿ ಸೈಮನ,” ಎಂದರು ಭಾಲಚಂದ್ರ. “ಹುಣ್ಣಿವಿಗಿ ನಾ ಊರಾಗ ಇರಂಗಿಲ್ಲ.”

ಹೇಳಿ ನಕ್ಕರು. ಅವರ ಹಲ್ಲುಗಳನ್ನು ಸೈಮನ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅದೇ ಮಧ್ಯಾಹ್ನ ಗಿರಾಕಿಗಳಿಲ್ಲದೆ ಕುಳಿತಿದ್ದಾಗ ಅವನ ಮೊಬೈಲಿನಲ್ಲಿ ಒಂದು ವಿಡಿಯೊ ತಾನಾಗಿಯೇ ತೆರೆದುಕೊಂಡಿತು. ಯಾವುದೋ ಪರದೇಶದ ಹಿಮದ ಊರು. ಹಗಲೆಲ್ಲ ಸಭ್ಯನಾಗಿರುವ ಒಬ್ಬ ಮನುಷ್ಯ ಹುಣ್ಣಿಮೆಯ ಚಂದ್ರ ಮೂಡಿದ ಕೂಡಲೇ ಮೈತುಂಬ ಕೂದಲು ಬೆಳೆದು ತೋಳವಾಗುತ್ತಾನೆ. ಬಡಿಗೆ, ಕೊಡಲಿ, ಸೀಸದ ಗುಂಡು ಯಾವುದೂ ಅವನಿಗೆ ನಾಟುವುದಿಲ್ಲ. ಬೆಳ್ಳಿಯ ಗುಂಡೊಂದೇ ಮದ್ದು. ಬೆಳ್ಳಿ ನಾಲಗೆಗೆ ತಾಗಿದರೂ ಸಾಕು, ಚುರ್ರೆಂದು ಹೊಗೆ ಏಳುತ್ತದೆ.

ಸೈಮನ ಮೊಬೈಲು ಬೋರಲು ಹಾಕಿ, ಗೋಡೆಯ ಕಡೆ ನೋಡಿದ. ಗೋಡೆಯಾಚೆ ಭಾಲಚಂದ್ರ ಕೆಮ್ಮುತ್ತಿದ್ದರು. ಹೌದಲ್ಲ! ಪ್ರತಿ ಹುಣ್ಣಿಮೆಗೆ ಮನುಷ್ಯ ಮಾಯವಾಗುತ್ತಾರೆ. ಮಾರನೆಯ ದಿನ ಬರುವಾಗ ಕಣ್ಣು ಕೆಂಪು, ಗಂಟಲು ಬಿದ್ದುಹೋಗಿರುತ್ತದೆ. ಒಮ್ಮೆಯಂತೂ ಅಂಗಿ ಹೆಗಲ ಮೇಲೆ ಹರಿದಿತ್ತು. ಇತ್ತ ಪಂಚಾಯತಿ ಮೆಂಬರು ದತ್ತಾತ್ರಿಯ ಆಡು ಹುಣ್ಣಿಮೆಯ ಸಂಜೆಯೇ ಕಳೆದುಹೋಗಿ, ಮಾರನೆಯ ದಿನ ಹಳ್ಳದಲ್ಲಿ ಅದರ ಕೊರಳಿನ ಗಂಟೆಯಷ್ಟೇ ಸಿಕ್ಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನಾಯಿಗಳು. ಡಾಬಕಾದ ನಾಯಿಗಳು ಬಸ್ಸು ಬಂದರೂ ಬೊಗಳುತ್ತವೆ, ಹೋದರೂ ಬೊಗಳುತ್ತವೆ. ಹುಣ್ಣಿಮೆಯ ಸಂಜೆ ಮಾತ್ರ ಒಂದೂ ತುಟಿ ಬಿಚ್ಚುವುದಿಲ್ಲ. ಕಟ್ಟೆಗಳ ಕೆಳಗೆ ಹೊಕ್ಕು ಮೂತಿಯನ್ನು ಮಣ್ಣಿನಲ್ಲಿ ಒತ್ತಿ ಮಲಗಿಬಿಡುತ್ತವೆ.

ಕಾರ್ತಿಕ ಹುಣ್ಣಿಮೆಯ ಸಂಜೆ ಸೈಮನ ಧೈರ್ಯ ಮಾಡಿ, ಔರಾದಿನಿಂದ ತಂದ ಹಸಿ ಮಾಂಸವನ್ನು ಬೆಲ್ಲ ಕಟ್ಟಿಬಂದ ಕಾಗದದಲ್ಲಿ ಸುತ್ತಿಕೊಂಡು, ಕರಿ ಕಂಬಳಿ ಹೊದ್ದು ಹಳ್ಳದ ದಂಡೆಯ ಕೆಳಗೆ ಕುಳಿತಿದ್ದ. ಬರಲಿ, ಕಣ್ಣಾರೆ ನೋಡಿಯೇಬಿಡೋಣ ಎಂದು. ಚಂದ್ರ ಮೂಡಿತು. ಎದುರಿಗೆ ಏನೂ ಕಾಣಲಿಲ್ಲ. ಆದರೆ ಬೆನ್ನ ಹಿಂದೆ, ಕಿವಿಯ ಹತ್ತಿರ, ಯಾರೋ ಉಸಿರಾಡುತ್ತಿದ್ದರು. ಬಿಸಿ ಉಸಿರು. ಅವನು ತಿರುಗಿ ನೋಡಲಿಲ್ಲ. ಕೈಕಾಲು ನಾಲ್ಕೂ ನೆಲಕ್ಕೆ ಹಚ್ಚಿ ದಂಡೆ ಹತ್ತಿದ, ಮೇಲೆ ಬಂದು ಎರಡು ಕಾಲಿನ ಮೇಲೆ ಓಡಿದ. ಮಾಂಸದ ಪೊಟ್ಟಣದ ಕಾಗದ ಕೂಡ ಮರುದಿನ ಸಿಗಲಿಲ್ಲ.

ಈಗ ಮಾರ್ಗಶಿರದ ಹುಣ್ಣಿಮೆ ಬಂದಿತ್ತು. ಈ ಸಲ ಸೈಮನ ಬರಿಗೈಲಿ ಹೋಗುವವನಲ್ಲ. ಬೇವಿನ ಕವಲಿಗೆ, ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ರಬ್ಬರು ಕಟ್ಟಿ, ಒಂದು ಗುಲೇಲ ಮಾಡಿಟ್ಟುಕೊಂಡಿದ್ದ. ಚಿಕ್ಕಂದಿನಲ್ಲಿ ಹುಣಸೆಕಾಯಿ ಉದುರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೇಕಾಗಿದ್ದು ಗುಂಡು ಮಾತ್ರ, ಅದೂ ಬೆಳ್ಳಿಯದು.

ಮನೆಯಲ್ಲಿ ಬೆಳ್ಳಿ ಎಂದರೆ ಹೆಂಡತಿ ಎಡಿತಳ ಅಜ್ಜಿಯ ಚಮಚಗಳು. ಅಜ್ಜಿ ಮಿಶನ್ ದವಾಖಾನೆಯಲ್ಲಿ ನರ್ಸಾಗಿದ್ದವರು. ಕೆಲಸ ಬಿಡುವಾಗ ದೊರೆಸಾನಿ ಡಾಕ್ಟರಮ್ಮ ಪ್ರೀತಿಯಿಂದ ಕೊಟ್ಟವು. ಕ್ರಿಸ್‌ಮಸ್ಸಿಗೊಮ್ಮೆ ಅರಿವೆಯಿಂದ ಹೊರಗೆ ಬಂದು, ಪಾಸ್ಟರರು ಪಾಯಸ ಉಂಡ ಮೇಲೆ ಮತ್ತೆ ಒಳಗೆ ಹೋಗುತ್ತಿದ್ದವು. ಎಡಿತ ಭಾಲ್ಕಿಯ ತವರಿಗೆ ಹೋಗಿದ್ದಳು, ಸಂಜೆಯ ಬಸ್ಸಿಗೆ ಬರುವವಳಿದ್ದಳು. ಸೈಮನ ಬೆಳಗಾಗುವುದಕ್ಕೇ ಟ್ರಂಕು ತೆರೆದ. ಚಮಚಗಳನ್ನು ಕಬ್ಬಿಣದ ಬಾಣಲೆಗೆ ಹಾಕಿ ಗ್ಯಾಸ್ ಹಚ್ಚಿದ. ಕಾದ. ಕಾದದ್ದು ಅವನು, ಬೆಳ್ಳಿ ಮಿಸುಕಲಿಲ್ಲ. ಬಾಣಲೆ ಕೆಂಪಾಯಿತು, ಚಮಚ ಕಪ್ಪಾಯಿತು, ಅಡುಗೆಮನೆ ಹೊಗೆಯಾಯಿತು. ಸಿಟ್ಟಿಗೆ ಸೌಟಿನಿಂದ ತಿರುವಿದ.

ಗೋಡೆಯಾಚೆಯಿಂದ ಭಾಲಚಂದ್ರರ ಹೆಂಡತಿ ಕಾವೇರಿಬಾಯಿಯ ದನಿ ಬಂತು. “ಭಾವೋಜಿ, ಮುಂಜಾನ್ಯಾಗ ಏನ ಹುರೀಲತ್ತೀರಿ?”

“ಶೇಂಗಾ, ವೈನಿ.”

“ಶೇಂಗಾ ಟಣಟಣ ಅಂತಾವೇನ್ರಿ?”

“ಸಿಪ್ಪಿ ಬಾಳ ಗಟ್ಟಿ ಅದ ರೀ.”

ಆಚೆ ಕಡೆ ಕಿಟಕಿ ಮುಚ್ಚಿದ, ಚಿಲಕ ಹಾಕಿದ ಸದ್ದು.

ಸೈಮನ ಕಪ್ಪು ಚಮಚಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಬೀದರಿಗೆ ಹೊರಟ. ಹಳೇ ಊರಿನ ಒಂದು ಸಂದಿಯಲ್ಲಿ, ಕಪ್ಪು ಹೂಜಿಗಳ ಮೇಲೆ ಬೆಳ್ಳಿ ತಂತಿ ಕೂರಿಸುವ ಬಿದರಿ ಕೆಲಸದ ಫೈಜಲ ಅವನಿಗೆ ಹಳೆಯ ಪರಿಚಯ.

“ಫೈಜಲ ಭಾಯಿ, ಬೆಳ್ಳಿ ಗುಂಡ ಮಾಡಬೇಕಾಗ್ಯದ.”

“ಗುಂಡಿನ ಸರಾ? ಭಾಭಿಗಿ ಕ್ರಿಸ್‌ಮಸ್ಸಿಗಿ ಏನು? ಒಂದೆಳೀದೋ, ಎರಡೆಳೀದೋ?”

“ಸರಾ ಅಲ್ಲ. ಬರೇ ಗುಂಡ. ತೂತ ಬ್ಯಾಡ.”

“ತೂತ ಇಲ್ದಿದ್ರ ಕೊರಳಾಗ ಹ್ಯಾಂಗ ನಿಂದರ್ತದ ಸಾಬ?”

“ಕೊರಳಾಗ ನಿಂದರೋದಲ್ಲ ಭಾಯಿ,” ಸೈಮನ ದನಿ ತಗ್ಗಿಸಿದ. “ಎದಿಯಾಗ ಹೋಗಿ ಕೂಡಬೇಕು.”

ನಗುತ್ತಾನೆ ಎಂದುಕೊಂಡಿದ್ದ. ಫೈಜಲ ನಗಲಿಲ್ಲ. ಸುತ್ತಿಗೆ ಕೆಳಗಿಟ್ಟು ಎದ್ದು ಹೋಗಿ ಬಾಗಿಲು ಮುಂದೆ ಮಾಡಿಬಂದ.

“ಆ ಹಳ್ಳದ ಕಡೀದೇನು?”

“ಹೌದು.”

“ಬೆಂಕಿ ನಂದು, ಬೆಳ್ಳಿ ಕರಗಸೋ ಮೂಸಿ ನಂದು, ತಗೋರಿ. ಎರಕ ಮಾತ್ರ ನೀವ ಹೊಯ್ಕೋರಿ. ನಾ ಮಾಡಿದ್ದು ಅಂತ ಅದಕ್ಕ ಗೊತ್ತಾಗೋದು ಬ್ಯಾಡ.”

ಹಳ್ಳದ ಮಾತನ್ನು ತಾನು ಎತ್ತಿಯೇ ಇರಲಿಲ್ಲ ಎಂಬುದು ಸೈಮನನಿಗೆ ಹೊಳೆದದ್ದು ತಿರುಗಿ ಬರುವ ಬಸ್ಸು ಹತ್ತಿದ ಮೇಲೆ.

ಹೀಗೆ ಡಾಕ್ಟರಮ್ಮನ ಪ್ರೀತಿ ಕರಗಿ ನೀರಾಯಿತು. ಸೈಮನ ಇಕ್ಕಳ ಹಿಡಿದು ಎರಕ ಹೊಯ್ಯುವಾಗ ಒಲೆಯ ಮೇಲೆ ಸ್ವಲ್ಪ ಹೆಚ್ಚೇ ಬಗ್ಗಿದ. ಬುಸ್ಸೆಂದು ಕಿಡಿ ಎದ್ದು ಎಡಗಡೆಯ ಹುಬ್ಬು ಪೂರ್ತಿ ಹೋಯಿತು. ಮುಖಕ್ಕೆಲ್ಲ ಮಸಿ ಹತ್ತಿತು, ಎರಡು ಬೆರಳು ಸುಟ್ಟು ಬೊಬ್ಬೆ ಎದ್ದವು. ಆದರೂ ಮಣ್ಣಿನ ಅಚ್ಚು ಒಡೆದಾಗ ಅಂಗೈ ಮೇಲೆ ಉರುಳಿದವು ಬಟಾಣಿ ಗಾತ್ರದ ಸೊಟ್ಟ ಸೊಟ್ಟ ನಾಲ್ಕು ಗುಂಡುಗಳು, ಒಂದು ಹಿಡಿಯೂ ಇಲ್ಲ. ಉಳಿದ ಬೆಳ್ಳಿ ಮೂಸೆಗೆ, ಮಣ್ಣಿಗೆ, ಸೈಮನನ ಅಂಗಿಗೆ ಹತ್ತಿಕೊಂಡಿತ್ತು.

ಬಸ್ಸು ಔರಾದ ದಾಟುತ್ತಿದ್ದಾಗ ಎಡಿತಳ ಫೋನು ಬಂತು.

“ರೀ, ನಮ್ಮಜ್ಜಿ ಚಮಚ ತಿಕ್ಕಿ ಇಡ್ರಿ. ಈ ಸಲ ಪಾಸ್ಟರ ಕೂಡ ಅವರ ಬೀಗರೂ ಬರ್ತಾರಂತ.”

“ಚಮಚದ ಚಿಂತಿ ಬಿಡು. ಅವು ನನ್ನ ಕಿಸೇದಾಗ ಅವ.”

“ಕಿಸೇದಾಗ ಯಾಕ?”

ಉತ್ತರ ಹುಡುಕುತ್ತ ಸೈಮನ ಎದ್ದು ನಿಂತ. ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿತು. ಕಿಸೆಯಲ್ಲಿದ್ದ ಕರವಸ್ತ್ರದ ಗಂಟು ಬಿಚ್ಚಿ ಗುಂಡುಗಳು ಬಸ್ಸಿನ ತುಂಬ ಓಡಾಡತೊಡಗಿದವು. ಸೈಮನ ಸೀಟಿನ ಕೆಳಗೆ ತೂರಿ ನಾಲ್ಕು ಕಾಲಿನ ಮೇಲೆ ಹರಿದಾಡಿದ. ಒಂದು ಗುಂಡು ಹೋಗಿ ಪಾಲಿಶ್ ಮಾಡಿದ ಒಂದು ಬೂಟಿಗೆ ಬಡಿಯಿತು. ಬೂಟು ಡಾಬಕಾದ ಶಾಲೆಯ ಹೆಡ್‌ಮಾಸ್ತರ ಸುಶೀಲಕುಮಾರರದು. ಅವರು ಬಗ್ಗಿ ಗುಂಡನ್ನು ಎತ್ತಿಕೊಂಡರು. ಸೀಟಿನ ಕೆಳಗಿನಿಂದ ಹೊರಬಂದ, ಒಂದೇ ಹುಬ್ಬಿನ ಕರಿ ಮುಖವನ್ನು ನೋಡಿ ಕಾಲು ಮೇಲಕ್ಕೆಳೆದುಕೊಂಡರು.

“ಸೈಮನ?”

“ನಾನರಿ ಸರ.”

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಸೈಮನ ಪಕ್ಕದಲ್ಲಿ ಕುಳಿತು ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿದ. ವಿಡಿಯೊ ತೋರಿಸಿದ. ಬೆಳ್ಳಿ ತಾಗಿದರೆ ನಾಲಗೆ ಹೊಗೆಯಾಡುವ ಭಾಗವನ್ನು ಎರಡು ಸಲ ತೋರಿಸಿದ. ಹೆಡ್‌ಮಾಸ್ತರರ ಕಣ್ಣು ಮೊಬೈಲಿನ ಮೇಲೆ ಕಡಿಮೆ, ಸೈಮನನ ಮೇಲೆ ಹೆಚ್ಚು ಇತ್ತು.

“ಅಂದ್ರ ನಮ್ಮೂರಾಗ ಒಬ್ಬ ಅಂಥಾಂವ ಇದ್ದಾನ ಅಂತೀರಿ.”

“ದಿನಾ ನಮ್ಮ ನಡಬರಕ ಓಡಾಡ್ತಾನರಿ ಸರ. ಸಭ್ಯ ಮನಷ್ಯಾ ಅಂತ ಎಲ್ಲಾರು ತಿಳಕೊಂಡೀವಿ.”

“ಖರೆ ಅದ,” ಎಂದರು ಹೆಡ್‌ಮಾಸ್ತರರು, ಕಿಟಕಿಯ ಕಡೆ ಸರಿಯುತ್ತ. “ಈ ಒಂದ ಗುಂಡ ನನ್ನ ಹತ್ರ ಇರಲೇನ್ರಿ?”

ಓದಿದ ಒಬ್ಬ ಮನುಷ್ಯ ತನ್ನ ಮಾತು ನಂಬಿದ ಸಂತೋಷಕ್ಕೆ ಸೈಮನ ಎರಡೂ ಕೈ ಮುಗಿದ. “ಇಟಗೋರಿ ಸರ. ಆದ್ರ ಗುರಿ ತಪ್ಪಬ್ಯಾಡ್ರಿ.”

“ಹತ್ರಿಂದಾನೆ ಹೊಡಿತೇನಿ,” ಎಂದರು ಅವರು.

ಸೈಮನ ಮನೆಗೆ ಬಂದು ಮುಖ ತೊಳೆದುಕೊಳ್ಳುವ ಮೊದಲೇ ಗುಂಡಿನ ಸುದ್ದಿ ಊರೆಲ್ಲ ಹಬ್ಬಿತ್ತು. ಮೊದಲು ಬಂದದ್ದು ದತ್ತಾತ್ರಿ. ಯಾವಾಗಲೂ ಲ್ಯಾಬಿನೊಳಗೆ ಬಂದು ಕುರ್ಚಿ ಎಳೆದುಕೊಂಡು ಕೂಡುವ ಮನುಷ್ಯ ಇಂದು ಹೊಸ್ತಿಲ ಹೊರಗೇ ನಿಂತ.

“ಗುಂಡ ಮಾಡೀರಂತ ಕೇಳ್ದೆ.”

“ಬರ್ರಿ ಒಳಗ, ಮೆಂಬರ ಸಾಬ್ರ.”

“ಬ್ಯಾಡ. ಇಲ್ಲೇ ಛಲೋ ಅದ.” ದತ್ತಾತ್ರಿ ಹಿಂದೆ ತಿರುಗಿ ತೊಗರಿ ಹೊಲ ನೋಡಿದ. “ನಾ ಅದಕ್ಕ ನೋಡೀನ್ರಿ ಸೈಮನ. ಹೋದ ಹುಣ್ಣಿವಿಗಿ. ಮೈ ಕರ್ರಗ, ಜೋತಾಡೋ ಕೂದಲ. ನಾಲ್ಕ ಕಾಲ ಮ್ಯಾಲ ದಂಡಿ ಹತ್ತಿ ಬಂತು. ಮ್ಯಾಲ ಬಂದು ಮನಷ್ಯಾರಂಗ ಎದ್ದ ನಿಂತು ಓಡ್ತು. ನನ್ನ ರಗತಾ ನೀರಾಯ್ತು.”

ಸೈಮನ ಹೊಸ್ತಿಲ ತನಕ ಬಂದ. ತಾನು ಅಲ್ಲೇ ಕುಳಿತಿದ್ದ ಸಂಜೆ! “ಯಾವ ಕಡಿಗಿ ಓಡ್ತರಿ?”

“ಈ ಕಡಿಗೇ,” ಎಂದ ದತ್ತಾತ್ರಿ, ಸೈಮನನ ಮುಖವನ್ನೇ ನೋಡುತ್ತ. “ಈ ಕಡೀ ಮನಿಗಳ ಕಡಿಗಿ.”

ಸೈಮನ ಗೋಡೆಯಾಚೆಯ ಮನೆಯ ಕಡೆ ಕಣ್ಣು ಹೊರಳಿಸಿ, ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿದ. ಒಂದು ಗುಂಡು ತೆಗೆದು ಚಾಚಿದ. ದತ್ತಾತ್ರಿ ಬೆರಳು ತಾಗದಂತೆ ಟೊಪ್ಪಿಗೆಯಲ್ಲಿ ಹಿಡಿದುಕೊಂಡ.

“ಯಾರಿಗಿ ಅಂತ ಕೇಳಂಗಿಲ್ಲ ನಾ,” ಎಂದ ಸೈಮನ.

“ಕೇಳಬ್ಯಾಡ್ರಿ,” ಎಂದು ದತ್ತಾತ್ರಿ ಹಿಂದೆ ಹಿಂದೆ ನಡೆಯುತ್ತಲೇ ಹೋದ.

ಬಿಸಿಲು ಇಳಿಯುವ ಹೊತ್ತಿಗೆ ಕಾವೇರಿಬಾಯಿ ಬಂದರು. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ. ಸೈಮನನಿಗೆ ಅವರನ್ನು ನೋಡಿ ಪಾಪವೆನಿಸಿತು. ಗಂಡನೇ ಹಾಗೆಂದು ಗೊತ್ತಾದ ಹೆಂಗಸಿನ ಪಾಡು ಯಾರಿಗೂ ಬೇಡ.

“ಭಾವೋಜಿ, ನಂಗೂ ಒಂದ ಕೊಡ್ರಿ.”

“ವೈನಿ, ನಿಮಗ ಗೊತ್ತದಾ?”

“ಬಾಜೂ ಮನ್ಯಾಗ ಇದ್ದೀನಲ್ರಿ. ಗೊತ್ತಾಗಂಗಿಲ್ಲೇನು? ಹುಣ್ಣಿವಿ ಬಂದ್ರ ಮನಷ್ಯಾ ಬ್ಯಾರೇನೆ ಆಗ್ತದ. ಹಸಿ ಮಾಂಸ ತರೋದೇನು, ಹೊತ್ತ ಮುಣಗೋದ್ರಾಗ ಹಿತ್ತಲದಾಗಿಂದ ಹೊರಗ ಬೀಳೋದೇನು.”

“ಮಾಂಸಾನೂ ತರ್ತಾರೇನ್ರಿ?” ಎಂದ ಸೈಮನ. ಭಾಲಚಂದ್ರ ಉಳ್ಳಾಗಡ್ಡಿ ಕೂಡ ತಿನ್ನದ ಮನುಷ್ಯರು.

“ಹೆಣ್ತಿ ಮಕಾ ನೋಡಿದ್ರ ಹೊಟ್ಟಿ ಉರೀತದರಿ. ಪಾಪ, ಅಕಿಗೇನೂ ಗೊತ್ತಿಲ್ಲ.”

ತಮ್ಮ ಬಗ್ಗೆ ತಾವೇ ಹೀಗೆ ಹೇಳಿಕೊಳ್ಳುತ್ತಿದ್ದಾರಲ್ಲ, ದುಃಖದಲ್ಲಿ ಮನಸ್ಸು ಎಷ್ಟು ಕೆಟ್ಟಿರಬೇಡ ಎಂದು ಸೈಮನ ಕಣ್ಣೊರೆಸಿಕೊಂಡ. “ಧೈರ್ಯ ಇಟಗೋರಿ ವೈನಿ. ಇವತ್ತ ಎಲ್ಲಾ ಮುಗೀತದ.”

ಕಾವೇರಿಬಾಯಿ ಮುಖವೆತ್ತಿ ಅವನನ್ನು ನೋಡಿ, ಗುಂಡನ್ನು ಮುಷ್ಟಿಯಲ್ಲಿ ಹಿಡಿದು, ಬಿಕ್ಕುತ್ತ ಓಡಿದರು.

ಸಂಜೆಯಾಯಿತು. ಕ್ರಿಸ್‌ಮಸ್ಸಿಗೆಂದು ಬಾಗಿಲ ಮೇಲೆ ತೂಗುಹಾಕಿದ್ದ ಕೆಂಪು ಕಾಗದದ ನಕ್ಷತ್ರ ಗಾಳಿಯಿಲ್ಲದೆಯೂ ನಿಧಾನಕ್ಕೆ ತಿರುಗುತ್ತಿತ್ತು. ಓಣಿಯ ನಾಯಿಗಳು ಒಂದೊಂದಾಗಿ ಕಟ್ಟೆಗಳ ಕೆಳಗೆ ಹೊಕ್ಕವು. ಸೈಮನ ಒಂದು ಸ್ತೋತ್ರ ಹೇಳಿ, ಕಂಬಳಿ ಹೊದ್ದು, ಗುಲೇಲ ಕೈಗೆತ್ತಿಕೊಂಡು, ಉಳಿದಿದ್ದ ಒಂದೇ ಒಂದು ಗುಂಡನ್ನು ಅದಕ್ಕೆ ಹೂಡಿ ಹೊಲಕ್ಕಿಳಿದ.

ಆಳೆತ್ತರದ ತೊಗರಿ. ಒಣಗಿದ ಕಾಯಿಗಳು ತಾಗಿದರೆ ಗಿಲಗಿಲ ಎನ್ನುತ್ತಿದ್ದವು. ಅವನು ನಿಂತರೂ ಎಲ್ಲೋ ಒಂದು ಕಡೆ ಇನ್ನೂ ಗಿಲಗಿಲ ಎನ್ನುತ್ತಿತ್ತು. ಪಶ್ಚಿಮಕ್ಕೆ ಹೊತ್ತು ಮುಳುಗಿ, ಪೂರ್ವದಲ್ಲಿ ಚಂದ್ರ ಮೇಲೆ ಬಂತು. ಹಿಟ್ಟು ನಾದುವ ತಾಮ್ರದ ಪರಾತದಷ್ಟು ದೊಡ್ಡದು, ಅದೇ ಬಣ್ಣದ್ದು. ಆ ಬೆಳಕಿನಲ್ಲಿ ದಂಡೆಯ ಮೇಲೆ ಒಂದು ಆಕೃತಿ ನಿಂತಿತ್ತು.

ಭಾಲಚಂದ್ರ. ಊರಲ್ಲಿರುವುದಿಲ್ಲ ಎಂದವರು ಅಲ್ಲಾಡದೆ ಇವನನ್ನೇ ನೋಡುತ್ತ ನಿಂತಿದ್ದರು.

ಸೈಮನ ಗುಲೇಲ ಎತ್ತಿ ರಬ್ಬರು ಎಳೆದ. ಮನುಷ್ಯನಾಗಿರುವಾಗ ಹೊಡೆದರೆ ಪಾಪ, ತೋಳವಾದ ಮೇಲೆ ಹೊಡೆಯಬೇಕು. ಕಾದ. ಭಾಲಚಂದ್ರ ಬದಲಾಗಲಿಲ್ಲ. ಅವರೂ ಏನನ್ನೋ ಕಾಯುತ್ತಿದ್ದಂತಿತ್ತು. ಸೈಮನನ ತೋಳು ನೋಯತೊಡಗಿತು.

“ಲಗೂ ಆಗ್ರಿ!” ಎಂದು ಕೂಗಿದ. “ಎಷ್ಟೊತ್ತ ಹಿಡಕೊಂಡ ನಿಂದರ್ಲಿ?”

“ಏನ ಆಗಬೇಕು?”

“ತ್ವಾಳ!”

“ನೀವ ಮೊದಲ ಆಗ್ರಿ! ನಿಮ್ಮ ಸಲುವಾಗೇ ನಿಂತೀನಿ!”

ಆ ಮಾತಿಗೆ ಸುತ್ತಲಿನ ತೊಗರಿ ಬಿಚ್ಚಿಕೊಂಡಿತು. ಒಂದು ಕಡೆಯಿಂದ ಗುಲೇಲ ಎಳೆದುಕೊಂಡು ದತ್ತಾತ್ರಿ ಬಂದ. ಇನ್ನೊಂದು ಕಡೆಯಿಂದ, ಶಾಲೆಯ ಹುಡುಗರಿಂದ ಕಸಿದಿಟ್ಟಿದ್ದ ಗುಲೇಲ ಹಿಡಿದು ಹೆಡ್‌ಮಾಸ್ತರರು. ಕಾವೇರಿಬಾಯಿ ಬರಿಗೈಲೇ ಎಸೆಯುವವರಂತೆ ಮುಷ್ಟಿ ಎತ್ತಿದ್ದರು. ಮೂರೂ ಗುಂಡುಗಳ ಗುರಿ ಒಂದೇ ಕಡೆ ಇತ್ತು, ಮತ್ತು ಆ ಕಡೆಗೆ ಸೈಮನನ ಹೊರತು ಬೇರೆ ಯಾರೂ ಇರಲಿಲ್ಲ.

ತಾನೇ ಎರಕ ಹೊಯ್ದು, ತಾನೇ ಹಂಚಿದ ಗುಂಡುಗಳು! ಸೈಮನನ ಕೈಯಿಂದ ಗುಲೇಲ ಜಾರಿತು.

“ನಾನಾ? ನನಗಾ?”

“ಹಗಲೆಲ್ಲಾ ಮಂದಿ ರಗತಾ ಹೀರ್ತೀರಿ,” ಎಂದ ದತ್ತಾತ್ರಿ. “ಸಂಜೀಕ ಕರೀ ಮೈ ಮಾಡ್ಕೊಂಡು ನಾಲ್ಕ ಕಾಲ ಮ್ಯಾಲ ಓಡ್ತೀರಿ.”

“ಅದು ಕಂಬಳಿ ರೀ!”

“ಬಸ್ಸಿನ್ಯಾಗೂ ನಾಲ್ಕ ಕಾಲ ಮ್ಯಾಲೇ ಇದ್ರಿ,” ಎಂದರು ಹೆಡ್‌ಮಾಸ್ತರರು.

“ಆ ಮಾಂಸ ಇವರ ಸಲುವಾಗಿ ತಂದಿದ್ದೆ!” ಸೈಮನ ಭಾಲಚಂದ್ರರ ಕಡೆ ಬೆರಳು ತೋರಿಸಿದ. “ಕೇಳ್ರಿ ಇವ್ರಿಗಿ, ಹುಣ್ಣಿವಿಗೊಮ್ಮಿ ಎಲ್ಲಿ ಮಾಯ ಆಗ್ತಾರ ಅಂತ!”

“ಗಾಣಗಾಪುರಕ್ಕ, ದತ್ತ ಮಹಾರಾಜರ ದರ್ಶನಕ್ಕ,” ಎಂದರು ಭಾಲಚಂದ್ರ ಅಚ್ಚರಿಯಿಂದ. “ಭಜನಿ ಮಾಡಿ ಗಂಟಲ ಬೀಳ್ತದ, ಗದ್ದಲದಾಗ ಅಂಗಿ ಹರೀತದ. ಇಡೀ ಊರಿಗಿ ಗೊತ್ತದ. ಈ ಸಲ ಇಕಿ ಅಂಜಿ ಬಿಡ್ಲಿಲ್ಲ, ನಿಮ್ಮ ಬಾಜೂಕ ಒಬ್ಬಾಕೀನೇ ಇರಂಗಿಲ್ಲ ಅಂತ.”

ದತ್ತಾತ್ರಿ ರಬ್ಬರನ್ನು ಇನ್ನೂ ಒಂದು ಗೇಣು ಎಳೆದ. ಆಗ ಹೆಡ್‌ಮಾಸ್ತರರು ಕೈ ಎತ್ತಿದರು.

“ತಡೀರಿ. ಸೈಮನ ಅವರ ವಿಡಿಯೊದಾಗೇ ಉಪಾಯ ಅದ. ಗುಂಡ ನಾಲಗಿ ಮ್ಯಾಲ ಇಡ್ಲಿ. ಹೊಗಿ ಬಂದ್ರ ಪ್ರಾಣಿ, ಬರದಿದ್ರ ಮನಷ್ಯಾ.”

ಸೈಮನ ಆತುರದಿಂದ ಬಾಯಿ ತೆರೆದ. ಹೆಡ್‌ಮಾಸ್ತರರು ತಮ್ಮ ಗುಂಡನ್ನು ಇಟ್ಟರು. ಹೊಗೆ ಬರಲಿಲ್ಲ.

“ನಂದೂ ನೋಡ್ರಿ. ನಿಮ್ಮದ್ರಾಗ ಕಲಬೆರಕಿ ಇರಬಹುದು,” ಎಂದು ದತ್ತಾತ್ರಿ ತನ್ನದನ್ನೂ ಇಟ್ಟ. ನನ್ನದೇಕೆ ಬಿಡಲಿ ಎಂದು ಕಾವೇರಿಬಾಯಿಯೂ ಇಟ್ಟರು. ಕೆಳಗೆ ಬಿದ್ದಿದ್ದ ಸೈಮನನ ಸ್ವಂತ ಗುಂಡನ್ನು ಭಾಲಚಂದ್ರ ಹುಡುಕಿ ತಂದು ಅದನ್ನೂ ಸೇರಿಸಿದರು. ಎಲ್ಲರೂ ಬಗ್ಗಿ ಅವನ ಬಾಯಿಯೊಳಗೆ ಇಣುಕಿದರು. ಬೆಳದಿಂಗಳಲ್ಲಿ ನಾಲಗೆಯ ಮೇಲೆ ನಾಲ್ಕು ಗುಂಡುಗಳು ತಣ್ಣಗೆ ಹೊಳೆಯುತ್ತಿದ್ದವು.

“ಮನಷ್ಯಾನೇ ಅದಾರ!” ಎಂದು ಕಾವೇರಿಬಾಯಿ ಎದೆಯ ಮೇಲೆ ಕೈಯಿಟ್ಟರು. ದತ್ತಾತ್ರಿ ಮೊದಲು ನಕ್ಕ, ಆಮೇಲೆ ಹೆಡ್‌ಮಾಸ್ತರರು, ಆಮೇಲೆ ಎಲ್ಲರೂ. ಅದೇ ಹೊತ್ತಿಗೆ ಬಸ್ಸಿಳಿದು ಬಂದ ಎಡಿತ, ಮನೆ ತೆರೆದೇ ಇರುವುದನ್ನು ಕಂಡು ಬ್ಯಾಗು ಹಿಡಿದುಕೊಂಡೇ ಹೊಲಕ್ಕೆ ಓಡಿಬಂದಳು.

“ರೀ! ಹುಬ್ಬ ಎಲ್ಲಿ ಹೋಯ್ತು? ಬಾಯಾಗ ಏನದು?”

ಸೈಮನ ಕೈಸನ್ನೆಯಲ್ಲಿ ಏನೋ ಹೇಳಹೊರಟ.

ಆಗ ಅದು ಊಳಿಟ್ಟಿತು.

ಗುಡ್ಡದ ಕಡೆಯಿಂದಲ್ಲ, ಹಳ್ಳದಿಂದಲೂ ಅಲ್ಲ. ಇದೇ ಹೊಲದಿಂದ, ಕೂಗಿದರೆ ಕೇಳುವ ದೂರದಿಂದ. ಮೊದಲಿಗೆ ಮಗು ಅತ್ತಂತೆ ಸಣ್ಣಗೆ ಎದ್ದು, ಮೇಲೆ ಹೋಗಿ, ಅಲ್ಲೇ ತುಂಬ ಹೊತ್ತು ನಿಂತು, ಮನುಷ್ಯ ನರಳಿದಂತೆ ಕೆಳಗಿಳಿಯಿತು. ಗಾಳಿ ಇರಲಿಲ್ಲ. ಆದರೂ ತೊಗರಿ ಒಂದೇ ಸಾಲಾಗಿ ಬಾಗುತ್ತ, ಬಾಗುತ್ತ, ಇವರ ಕಡೆ ಬರುತ್ತಿತ್ತು. ಸ್ವಲ್ಪ ದೂರದಲ್ಲಿ ನಿಂತಿತು. ಮತ್ತೆ ಆ ಜಾಗದಲ್ಲಿ ಏನೋ ಹಿಂಗಾಲಿನ ಮೇಲೆ ಎದ್ದು ನಿಂತಿತು. ತೊಗರಿಗಿಂತ ಎತ್ತರ. ಚಂದ್ರನಿಗೆ ಅಡ್ಡವಾಗಿ ಎರಡು ಕಿವಿಗಳು.

“ಗುಂಡ!” ಎಂದು ದತ್ತಾತ್ರಿ ಪಿಸುಗುಟ್ಟಿದ. “ಸೈಮನ, ಗುಂಡ ಕೊಡ್ರಿ! ಲಗೂ!”

ಎಲ್ಲರ ಅಂಗೈಗಳೂ ಒಟ್ಟಿಗೆ ಮುಂದೆ ಬಂದವು. ಸೈಮನ ಬಾಯಿ ತೆರೆದ. ಖಾಲಿ. ಊಳು ಕೇಳಿದ ಕ್ಷಣದಲ್ಲಿ ಗಂಟಲು ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು.

ಓಡಿದ್ದು ಯಾರಿಗೂ ನೆನಪಿಲ್ಲ. ನೆನಪಾಗುವಾಗ ಎಲ್ಲರೂ ಸೈಮನನ ಲ್ಯಾಬಿನಲ್ಲಿದ್ದರು, ಬಾಗಿಲಿಗೆ ಅಗುಳಿ ಬಿದ್ದಿತ್ತು, ಅದಕ್ಕೆ ಮೇಜು ಒತ್ತಿತ್ತು. ಕರೆಂಟು ಹೋಗಿತ್ತು. ಹೊರಗಿನಿಂದ ಬಾಗಿಲನ್ನು ಪರಚುವ ಸದ್ದು ಶುರುವಾಯಿತು. ಅವಸರವಿಲ್ಲದ, ಉದ್ದುದ್ದ ಪರಚು.

“ನಮ್ಮಜ್ಜಿ ಚಮಚ ನುಂಗೀರಿ?” ಎಡಿತ ಕತ್ತಲೆಯಲ್ಲಿ ಮೂರನೆಯ ಸಲ ಕೇಳಿದಳು. “ಡಾಕ್ಟರಮ್ಮ ಕೊಟ್ಟಿದ್ದು?”

“ಎಲ್ಲಾ ಅಲ್ಲ. ನಾಕ ಗುಂಡ ಅಷ್ಟೆ.”

“ಮನ್ಯಾಗ ಔಡಲೆಣ್ಣಿ ಅದಾ?” ಎಂದು ದತ್ತಾತ್ರಿ ಕೇಳಿದ. ಎಡಿತ ತಡಕಾಡಿ, ಹೊಟ್ಟೆ ತೊಳೆಯುವ ಆ ಹರಳೆಣ್ಣೆಯ ಬಾಟಲಿ ತಂದಳು. ಅರ್ಧ ಕಪ್ಪು ಸೈಮನನ ಗಂಟಲಿಗಿಳಿಯಿತು. ಎಲ್ಲರೂ ಸುತ್ತ ಕುಳಿತು, ಹೊರಗಿನ ಪರಚುವ ಸದ್ದಿಗೊಂದು ಕಿವಿ, ಸೈಮನನ ಹೊಟ್ಟೆಗೊಂದು ಕಿವಿ ಕೊಟ್ಟು ಕಾದರು.

ಕಿಟಕಿಯ ಬೆಳಕು ಮಸುಕಾಯಿತು. ಚಂದ್ರನ ಮೇಲೆ ಮೋಡ ಬಂದಿತ್ತು. ಪರಚುವುದು ನಿಂತಿತು. ಆಮೇಲೆ ಬಾಗಿಲ ಆಚೆ ಯಾರೋ ಕೆಮ್ಮಿದರು.

“ಒಳಗ ಯಾರರೆ ಅದೀರೇನ್ರಿ?”

ಗಂಡಸಿನ ದನಿ. ಸಣ್ಣದು, ಸಂಕೋಚದ್ದು. ಡಾಬಕಾದ ಯಾರ ದನಿಯೂ ಅಲ್ಲ.

“ತಪ್ಪ ತಿಳೀಬ್ಯಾಡ್ರಿ. ಒಂದ ಅರಿವಿ ಇದ್ರ ಕೊಡ್ರಿ. ಮೈಮ್ಯಾಲ ಏನೂ ಇಲ್ಲ. ಥಂಡಿ ಬಾಳ ಅದ.”

ಹೊರಗೆ ಹಲ್ಲು ಕಟಕಟ ಕಡಿಯುವುದು ಸ್ಪಷ್ಟವಾಗಿ ಕೇಳುತ್ತಿತ್ತು.

“ಪಾಪ ರೀ,” ಎಂದಳು ಎಡಿತ, ಎಷ್ಟಾದರೂ ನರ್ಸಮ್ಮನ ಮೊಮ್ಮಗಳು. “ಹಿಂಗ ಕೇಳಿದವ್ರಿಗಿ ಇಲ್ಲ ಅಂತ ಹ್ಯಾಂಗ ಅನ್ನೋದು?”

ಎಲ್ಲರೂ ಸೈಮನನ ಕಡೆ ನೋಡಿದರು. ಮನೆ ಅವನದು. ಅವನು ಗೂಟದಲ್ಲಿದ್ದ ತನ್ನ ಬಿಳಿ ಕೋಟನ್ನು ತೆಗೆದು, ಮುಖ ಬೇರೆ ಕಡೆ ತಿರುಗಿಸಿ, ಕಿಟಕಿಯ ಸರಳುಗಳ ಸಂದಿಯಿಂದ ಹೊರಗೆ ಚಾಚಿದ. ತಣ್ಣನೆಯ ಒಂದು ಕೈ ಅದನ್ನು ತೆಗೆದುಕೊಂಡಿತು.

“ಬಾಳ ಉಪಕಾರ ಆಯ್ತರಿ. ಮೋಡ ಸರಿಯೋದ್ರೊಳಗ ಹೋಗ್ತೇನಿ.”

ಹೆಜ್ಜೆಗಳು ದೂರ ಸರಿದವು. ಅಂಗಳದಲ್ಲಿ ಅವು ಎರಡು ಕಾಲಿನ ಹೆಜ್ಜೆಗಳಾಗಿದ್ದವು. ತೊಗರಿ ಹೊಲ ಮುಟ್ಟುವಷ್ಟರಲ್ಲಿ ಚಂದ್ರ ಹೊರಬಂತು, ಹೆಜ್ಜೆಗಳು ನಾಲ್ಕು ಕಾಲಿನವಾದವು. ಆಮೇಲೆ ದೂರದ ಓಣಿಯಲ್ಲಿ ಒಂದು ನಾಯಿ ಬೊಗಳಿತು, ಅದರ ಹಿಂದೆ ಊರಿನ ನಾಯಿಗಳೆಲ್ಲ ಬೊಗಳಿದವು.

“ಹೋತು!” ಎಂದು ಭಾಲಚಂದ್ರ ಸೈಮನನ ಬೆನ್ನು ತಟ್ಟಿದರು. ದತ್ತಾತ್ರಿ ಅವನ ಕೈ ಕುಲುಕಿದ. “ಶಾಬಾಶ್ ಸೈಮನ! ನಾ ಆಗಿದ್ರ ಕಿಟಕಿ ಹತ್ರ ಹೋಗ್ತಿದ್ದಿಲ್ಲ.” ಸೈಮನನ ಎದೆ ಬೆಳಗಿನಿಂದ ಮೊದಲ ಬಾರಿಗೆ ಸ್ವಲ್ಪ ಉಬ್ಬಿತು.

“ನಿಮ್ಮ ಕೈಗಿ ಏನಾಗ್ಯದರಿ?” ಎಂದಳು ಎಡಿತ.

ಅವನ ಮುಂಗೈ ಮೇಲೆ ಒಂದು ತೆಳ್ಳನೆಯ ಗೆರೆ. ಗೆರೆಯ ಕೊನೆಯಲ್ಲಿ ಒಂದು ಹನಿ ರಕ್ತ. ಕೋಟು ತೆಗೆದುಕೊಳ್ಳುವಾಗ ಉಗುರು ತಾಗಿರಬೇಕು.

ಹೆಡ್‌ಮಾಸ್ತರರು ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡಿದರು. ನೋಡಿ ನೆಟ್ಟಗಾದರು.

“ವಿಡಿಯೊದಾಗ,” ಎಂದರು ಮೆಲ್ಲಗೆ, “ಕಚ್ಚಲೇಬೇಕಂತಿಲ್ಲ ಅಂತ ಹೇಳ್ತಾರ. ಉಗುರ ತಾಗಿದ್ರೂ ಸಾಕಂತ. ಮುಂದಿನ ಹುಣ್ಣಿವಿಗಿ...”

ದತ್ತಾತ್ರಿ ತಾನು ಕುಲುಕಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ಆಚೆ ಗೋಡೆಯ ಕಡೆ ಸರಿದರು. ಎಡಿತ ಕೂಡ ಅರ್ಧ ಹೆಜ್ಜೆ ಸರಿದು, ನಾಚಿ, ಅಲ್ಲೇ ನಿಂತಳು. ಕೋಣೆಯ ನಡುವೆ ಬೆಳದಿಂಗಳಿನಲ್ಲಿ ಸೈಮನನೊಬ್ಬನೇ ಕುಳಿತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಕಾವೇರಿಬಾಯಿ ಔಡಲೆಣ್ಣೆಯ ಬಾಟಲಿ ಎತ್ತಿಕೊಂಡರು. ಈ ಸಲ ಕಪ್ಪು ತುಂಬ ಸುರಿದು, ಉದ್ದಕ್ಕೆ ಕೈ ಚಾಚಿ, ಅದನ್ನು ದೂರದಿಂದಲೇ ಅವನ ಮುಂದೆ ಸರಿಸಿದರು.

“ಕುಡೀರಿ ಭಾವೋಜಿ. ನಮ್ಮ ಗುಂಡ ನಮಗ ವಾಪಸ ಬೇಕು.”